ಬಾಚಣಿಗೆಗೆ ಬಗ್ಗದ ಕೂದಲು

ನಮ್ಮ ಮನೆಯ ಬಚ್ಚಲಿನ ಕಿಟಕಿಯ ದಂಡೆಯ ಮೇಲೆ ಹಲ್ಲು ಮುರಿದ ಬಾಚಣಿಗೆಗಳ ಒಂದು ಸಾಲೇ ಇರುತ್ತಿತ್ತು. ಎಲ್ಲವೂ ನನ್ನ ತಲೆಯಲ್ಲಿ ಮುರಿದವು. ಜಾತ್ರೆಯಿಂದ ತಂದ ಬಣ್ಣದ ಪ್ಲಾಸ್ಟಿಕ್ಕಿನದು ಎರಡು ವಾರ ಬಾಳಿದರೆ ಹೆಚ್ಚು. ಅಪ್ಪ ಹುಬ್ಬಳ್ಳಿಯಿಂದ ಒಂದು ಕೊಂಬಿನ ಬಾಚಣಿಗೆ ತಂದುಕೊಟ್ಟಿದ್ದರು, ಅದೂ ಒಂದು ದೀಪಾವಳಿಯ ಬೆಳಿಗ್ಗೆ ಟಕ್ಕೆಂದಿತು. ಅಮ್ಮ ಮುರಿದ ತುಂಡನ್ನು ಕೈಯಲ್ಲಿ ಹಿಡಿದು ಅಳುವಂತಾಗಿ ಕೂತಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನಾನಂತೂ ಮೊದಲೇ ಅಳುತ್ತಿದ್ದೆನೆನ್ನಿ.

ನನ್ನದು ಗುಂಗುರು ಕೂದಲು. ಮುಂಗುರುಳು ಎಂದು ಕವಿಗಳು ಹಣೆಯ ಮೇಲೆ ಎಳೆದು ಬಿಡುತ್ತಾರಲ್ಲ, ಆ ಬಗೆಯದಲ್ಲ. ತಲೆತುಂಬ ಬೆರಳ ದಪ್ಪದ ಸುರುಳಿ. ಒಣಗಿದರೆ ಭುಜದ ಮೇಲಿರುತ್ತದೆ, ಒದ್ದೆಯಾದರೆ ಸೊಂಟ ಮುಟ್ಟುತ್ತದೆ. ಶಾಲೆಯಲ್ಲಿ ನನಗೆ ಪುಟ್ಟಪರ್ತಿ ಎಂದು ಹೆಸರಿಟ್ಟಿದ್ದರು. ಹಾಗೆ ಕರೆದವರಲ್ಲಿ ಒಬ್ಬ ಈಚೆಗೆ ಮದುವೆಮನೆಯಲ್ಲಿ ಸಿಕ್ಕಿದ್ದ. ಅವನ ತಲೆ ನುಣ್ಣಗೆ ಬೋಳಾಗಿತ್ತು. ನಾನು ಏನೂ ಅನ್ನಲಿಲ್ಲ. ಅನ್ನಬೇಕೆನಿಸಿದ್ದು ನಿಜ.

ಹೆಣ್ಣು ನೋಡಲು ಬರುವ ದಿನ ಅಮ್ಮ ಅರ್ಧ ಬಟ್ಟಲು ಕೊಬ್ಬರಿ ಎಣ್ಣೆ ಸುರಿದು, ತಲೆಗೆ ಬಟ್ಟೆ ಬಿಗಿದು, ಎರಡು ತಾಸು ಕೂರಿಸಿ ಆಮೇಲೆ ಜಡೆ ಹೆಣೆಯುತ್ತಿದ್ದಳು. ಒಬ್ಬ ವರನ ಸೋದರತ್ತೆ ಕಾಫಿ ಕುಡಿಯುತ್ತಲೇ ನನ್ನ ಕಿವಿಯ ಹಿಂದೆ ತಪ್ಪಿಸಿಕೊಂಡಿದ್ದ ಸುರುಳಿಯನ್ನು ನೋಡಿ, "ಗುಂಗುರು ತಲೆಯವರಿಗೆ ಹಟ ಜಾಸ್ತಿ" ಎಂದು ಗೋಡೆಗೆ ಹೇಳಿದರು. ಆ ಸಂಬಂಧ ಕೂಡಿಬರಲಿಲ್ಲ. ಮುಂದೆ ಕೂಡಿಬಂದವರಿಗೆ ಕೂದಲಿನ ಗೊಡವೆಯೇ ಇರಲಿಲ್ಲ, ಅವರು ಅಡುಗೆ ಹೇಗೆ ಮಾಡುತ್ತಾಳೆ ಎಂದು ಮಾತ್ರ ಕೇಳಿದರು. ಮದುವೆಯಾದ ಮೇಲೆ ಇಪ್ಪತ್ತು ವರ್ಷ ನಾನು ತಲೆಯನ್ನು ಗಂಟು ಕಟ್ಟಿಯೇ ಇಟ್ಟೆ. ಸಮಾಜ ವಿಜ್ಞಾನದ ಶಿಕ್ಷಕಿಗೆ ಗಂಟು ಒಪ್ಪುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಈ ತಲೆಯ ಮೇಲಿರುವುದಕ್ಕೂ ಒಂದು ಚರಿತ್ರೆಯಿರಬಹುದೆಂದು ನನಗೆ ಮೊದಲು ಹೊಳೆದದ್ದು ಶ್ರವಣಬೆಳಗೊಳದಲ್ಲಿ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಿದ್ದೆವು. ಬಿಸಿಲಲ್ಲಿ ಬೆಟ್ಟ ಹತ್ತಿ ಏದುಸಿರು ಬಿಡುತ್ತ ನಾನು ಗಂಗರ ಮಂತ್ರಿ ಚಾವುಂಡರಾಯ, ಕ್ರಿ.ಶ. 981, ಎತ್ತರ 58 ಅಡಿ ಎಂದು ಒಪ್ಪಿಸುತ್ತಿದ್ದೆ. ಎಂಟನೆಯ ತರಗತಿಯ ಹುಡುಗನೊಬ್ಬ ಕತ್ತೆತ್ತಿ ನೋಡಿ, "ಟೀಚರ್, ಗೊಮ್ಮಟಂದೂ ನಿಮ್ಮ ಹಂಗೇ ಗುಂಗುರು" ಎಂದ. ಮಕ್ಕಳೆಲ್ಲ ನಕ್ಕರು. ನಾನೂ ಕತ್ತೆತ್ತಿದೆ. ಎಷ್ಟೋ ಸಲ ಹತ್ತಿದ ಬೆಟ್ಟ, ಆ ತಲೆಯನ್ನು ಮಾತ್ರ ಕಂಡಿರಲಿಲ್ಲ. ಸಾಲುಸಾಲಾಗಿ ಕಡೆದ ಪುಟ್ಟ ಪುಟ್ಟ ಸುರುಳಿಗಳು, ಒಂದೊಂದೂ ಶಂಖದ ತುದಿಯಂತೆ.

ಮರಳಿ ಬಂದಮೇಲೆ ಪುಸ್ತಕ ತಿರುವಿದೆ. ಬುದ್ಧನ ವಿಗ್ರಹಗಳ ತಲೆಯ ಮೇಲೂ ಬಲಕ್ಕೆ ತಿರುಗಿದ ಸುರುಳಿಗಳೇ. ಮಹಾಪುರುಷನ ಲಕ್ಷಣಗಳಲ್ಲಿ ಅದೂ ಒಂದಂತೆ. ಗಾಂಧಾರದ ಶಿಲ್ಪಿಗಳು ಮಾತ್ರ ಅವನಿಗೆ ಗ್ರೀಕರ ಹಾಗೆ ಅಲೆಅಲೆಯಾದ ಕೂದಲು ಕೊಟ್ಟರು. ಸಂಸ್ಕೃತದಲ್ಲಿ ಕುಂತಲ ಎಂದರೆ ಕೂದಲು, ಅಳಕ ಎಂದರೆ ಗುಂಗುರು. ಕಲ್ಯಾಣದ ಚಾಲುಕ್ಯರು ಆಳಿದ ನಮ್ಮ ಸೀಮೆಯ ಹಳೆಯ ಹೆಸರೂ ಕುಂತಲವೇ. ಗೊಮ್ಮಟನಿಗೆ ಸಲ್ಲುವುದು, ಬುದ್ಧನಿಗೆ ಸಲ್ಲುವುದು ಮದುಮಗಳಿಗೆ ಮಾತ್ರ ಏಕೆ ಸಲ್ಲಬಾರದು? ಅಮ್ಮನನ್ನು ಕೇಳಿದೆ. "ಗೊಮ್ಮಟನ್ನ ಯಾರು ನೋಡ್ಲಿಕ್ಕೆ ಬರ್ತಾರೆ ಮಾರಾಯ್ತಿ, ಮದುವೆಗೆ?" ಎಂದಳು.

ಇಷ್ಟರಲ್ಲೇ ನಿಲ್ಲಿಸಿದ್ದರೆ ಇದೊಂದು ನಗೆಯ ಮಾತಾಗಿ ಮುಗಿಯುತ್ತಿತ್ತು. ಆದರೆ ಅದಕ್ಕೂ ಮೊದಲು, 1997ರಲ್ಲಿ, ಉತ್ತರ ಕನ್ನಡದ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಮಾಡಿದ್ದೊಂದು ಇದೆ. ಅದನ್ನು ಹೇಳದೆ ಮುಂದೆ ಹೋಗಲಾರೆ.

ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಹುಡುಗಿಯರು ಎರಡು ಜಡೆ ಹೆಣೆದು, ಮಡಚಿ, ಕೆಂಪು ರಿಬ್ಬನ್ ಕಟ್ಟಿ ಬರಬೇಕು ಎಂಬುದು ಶಾಲೆಯ ನಿಯಮ. ಬೆಳಗಿನ ಪ್ರಾರ್ಥನೆಯಲ್ಲಿ ಉಗುರು, ಸಮವಸ್ತ್ರ, ಜಡೆ ನೋಡುವ ಕೆಲಸ ನನ್ನದು. ಒಂಬತ್ತನೆಯ ತರಗತಿಗೆ ಒಬ್ಬ ಸಿದ್ದಿ ಹುಡುಗಿ ಬಂದಳು. ಕಾಡಿನ ಒಳಗಿನ ಕೇರಿಯಿಂದ ದಿನವೂ ನಡೆದು ಬರುತ್ತಿದ್ದಳು. ಓಟದಲ್ಲಿ ಅವಳ ಹತ್ತಿರ ಸುಳಿಯುವವರಿರಲಿಲ್ಲ, ಲೆಕ್ಕದಲ್ಲೂ ಚುರುಕು. ಅವಳ ಕೂದಲು ಕಿವಿಯ ಕೆಳಗೆ ಇಳಿಯುತ್ತಿರಲಿಲ್ಲ. ಇಳಿಯುವ ಜಾತಿಯದೇ ಅಲ್ಲ, ಮೇಲಕ್ಕೆ ಬೆಳೆಯುವ ಕೂದಲದು. ಎರಡು ವಾರ ನಾನು ಅವಳನ್ನು ಸಾಲಿನಿಂದ ಹೊರಗೆ ನಿಲ್ಲಿಸಿದೆ. ಎಣ್ಣೆ ಹಚ್ಚಿ ಬಾಚು, ಜಡೆ ಹಾಕು, ಅಶಿಸ್ತು ಮಾಡಬೇಡ ಎಂದೆ. ಹಾಗೆಂದವಳು ಯಾರು? ಇಪ್ಪತ್ತು ಬಾಚಣಿಗೆ ಮುರಿದ ತಲೆಯವಳು.

ಮೂರನೆಯ ಸೋಮವಾರ ಅವಳು ತಲೆ ಬೋಳಿಸಿಕೊಂಡು ಬಂದಳು. "ಈಗ ಸರಿಯಾಯ್ತಾ ಟೀಚರ್?" ಎಂದಳು. ಕೊಂಕಿರಲಿಲ್ಲ ಆ ಮಾತಿನಲ್ಲಿ, ನಿಜವಾಗಿ ಕೇಳಿದಳು. ನಾನು ಹೂಂ ಎಂದೆ. ಹೂಂ ಎಂದದ್ದು ನನಗೆ ನೆನಪಿದೆ. ವರ್ಷದ ಕೊನೆಗೆ ಅವಳು ಶಾಲೆ ಬಿಟ್ಟಳು. ಕಾರಣ ಕೂದಲೊಂದೇ ಎಂದು ಹೇಳಲಾರೆ. ದಾರಿ ದೂರ, ಮನೆಯಲ್ಲಿ ಬಡತನ. ಆದರೆ ಕೂದಲು ಅಲ್ಲವೇ ಅಲ್ಲ ಎಂದೂ ಹೇಳಲಾರೆ.

ಆಗ ನನಗೆ ಸಿದ್ದಿಯರ ವಿಷಯ ಎಷ್ಟು ಗೊತ್ತಿತ್ತು? ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡದ ಕಾಡುಗಳಲ್ಲಿರುವವರು, ಆಫ್ರಿಕದವರಂತೆ ಕಾಣುವವರು, ಅಷ್ಟೇ. ಪೋರ್ಚುಗೀಸರು ಮೊಜಾಂಬಿಕ್ ಮುಂತಾದ ಪೂರ್ವ ಆಫ್ರಿಕದ ಕಡೆಯಿಂದ ಗೋವೆಗೆ ಗುಲಾಮರನ್ನಾಗಿ ತಂದವರಲ್ಲಿ ತಪ್ಪಿಸಿಕೊಂಡವರು ಈ ಘಟ್ಟದ ಕಾಡು ಹೊಕ್ಕರು. ಅವರ ಸಂತತಿ ಇಲ್ಲೇ ಬೆಳೆಯಿತು. ಹಿಂದೂ, ಮುಸಲ್ಮಾನ, ಕ್ರೈಸ್ತ, ಮೂರೂ ಮತದವರಿದ್ದಾರೆ. ಎಷ್ಟೋ ಜನ ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ ಆಡುತ್ತಾರೆ. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಯವರು 2020ರ ತನಕ ಕಾಯಬೇಕಾಯಿತು. ನಾನು ಪಾಠದಲ್ಲಿ ಮುಹಮ್ಮದ್ ಆದಿಲ್ ಶಾಹನ ಗೋಲಗುಂಬಜ ಹೇಳುತ್ತಿದ್ದೆ. ಅವನ ಆಸ್ಥಾನದಲ್ಲಿ ಮಂತ್ರಿಯಾಗಿದ್ದ ಇಖ್ಲಾಸ್ ಖಾನ್ ಆಫ್ರಿಕ ಮೂಲದವನೆಂದು ಹೇಳುತ್ತಿರಲಿಲ್ಲ. ಅಹಮದನಗರದ ಮಲಿಕ್ ಅಂಬರ್ ಮೊಗಲರನ್ನು ಕಾಡಿದ ಎಂದು ಹೇಳುತ್ತಿದ್ದೆ. ಅವನು ಇಥಿಯೋಪಿಯದಿಂದ ಗುಲಾಮನಾಗಿ ಬಂದವನೆಂಬುದನ್ನು ಒಂದು ಅಂಕದ ಪ್ರಶ್ನೆಯಲ್ಲಿ ಮುಗಿಸುತ್ತಿದ್ದೆ. ಆ ಹುಡುಗಿ ಎರಡನೆಯ ಬೆಂಚಿನಲ್ಲಿ ಕೂತು ಕೇಳುತ್ತಿದ್ದಳು.

2016ರ ಆಗಸ್ಟಿನಲ್ಲಿ ಪತ್ರಿಕೆಯಲ್ಲಿ ಒಂದು ಚಿತ್ರ ನೋಡಿ ಬೆಚ್ಚಿದೆ. ದಕ್ಷಿಣ ಆಫ್ರಿಕದ ಪ್ರಿಟೋರಿಯದ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ಕಪ್ಪು ಹುಡುಗಿಯರು ತಮ್ಮ ಕೂದಲನ್ನು ಹುಟ್ಟಿದ ಹಾಗೇ ಬಿಟ್ಟುಕೊಂಡು ಪ್ರತಿಭಟನೆಗೆ ನಿಂತಿದ್ದರು. ಆ ಕೂದಲು ಅಚ್ಚುಕಟ್ಟಾಗಿಲ್ಲ, ಸರಿಮಾಡಿಕೊಂಡು ಬಾ ಎಂದು ಶಿಕ್ಷಕರು ಹೇಳುತ್ತಿದ್ದರೆಂಬುದು ಅವರ ದೂರು. ಮುಂದೆ ನಿಂತವಳು ಹದಿಮೂರು ವರ್ಷದವಳು, ಮುಷ್ಟಿ ಎತ್ತಿ ಹಿಡಿದಿದ್ದಳು. ಪ್ರಾಂತ್ಯದ ಶಿಕ್ಷಣದ ಹೊಣೆ ಹೊತ್ತವರು ಬಂದು ವಿಚಾರಿಸಿ ಕೂದಲಿನ ನಿಯಮವನ್ನು ಅಮಾನತಿನಲ್ಲಿಟ್ಟರು. ನಾನು ಪತ್ರಿಕೆ ಮಡಚಿಟ್ಟು ಅಡುಗೆಮನೆಗೆ ಹೋದೆ, ಹಾಲು ಉಕ್ಕಿ ಹೋಯಿತು.

ಆ ದೇಶದಲ್ಲಿ ಕೂದಲು ಬರೀ ಕೂದಲಾಗಿರಲಿಲ್ಲ. 1950ರಲ್ಲಿ ಅಲ್ಲಿ ಪ್ರತಿಯೊಬ್ಬರನ್ನೂ ಬಣ್ಣದ ಮೇಲೆ ವಿಂಗಡಿಸಿ ದಾಖಲೆ ಮಾಡುವ ಕಾನೂನು ಬಂತು. ಒಬ್ಬರು ಯಾವ ಗುಂಪಿಗೆ ಸೇರಿದವರೆಂದು ಅನುಮಾನ ಬಂದರೆ ತಲೆಗೂದಲಿಗೆ ಒಂದು ಪೆನ್ಸಿಲ್ ಸಿಕ್ಕಿಸಿ ನೋಡುತ್ತಿದ್ದರು. ಪೆನ್ಸಿಲ್ ಜಾರಿ ಬಿದ್ದರೆ ಬಿಳಿಯ, ನಿಂತರೆ ಅಲ್ಲ. ಒಂದೇ ತಾಯಿಯ ಮಕ್ಕಳು ಬೇರೆಬೇರೆ ಗುಂಪಿಗೆ ಬಿದ್ದದ್ದುಂಟು. ಇದನ್ನು ಓದಿದ ರಾತ್ರಿ ಮಗಳ ಪೆನ್ಸಿಲ್ಲೊಂದನ್ನು ತೆಗೆದು ನನ್ನ ತಲೆಗೆ ಸಿಕ್ಕಿಸಿಕೊಂಡೆ. ತಲೆ ಅಲ್ಲಾಡಿಸಿದೆ. ಬೀಳಲಿಲ್ಲ. ಹಾಗೇ ಮರೆತು ಮಲಗಿ ಬೆಳಿಗ್ಗೆ ದಿಂಬಿನ ಬದಿಯಲ್ಲಿ ಸಿಕ್ಕಿತು.

ಸಾಂಡ್ರಾ ಲೇಯಿಂಗ್ ಎಂಬವಳ ಕಥೆ ಬಹಳ ಜನಕ್ಕೆ ಗೊತ್ತಿದೆ, 2008ರಲ್ಲಿ ಅದು ಸಿನಿಮಾ ಕೂಡ ಆಯಿತು. 1955ರಲ್ಲಿ ಬಿಳಿಯ ತಂದೆತಾಯಿಗೆ ಹುಟ್ಟಿದ ಮಗು, ಆದರೆ ಮೈಬಣ್ಣ ಕಂದು, ಕೂದಲು ಬಿಗಿ ಸುರುಳಿ. ಹತ್ತು ವರ್ಷದವಳಿದ್ದಾಗ, 1966ರಲ್ಲಿ, ಬಿಳಿಯರ ಶಾಲೆಯಿಂದ ಹೊರಹಾಕಿ ಪೋಲೀಸರ ಜೊತೆ ಮನೆಗೆ ಕಳಿಸಿದರು. ತಂದೆ ನ್ಯಾಯಾಲಯಕ್ಕೆ ಅಲೆದ. ಮರುವರ್ಷ ಕಾನೂನೇ ಬದಲಾಗಿ ಅವಳು ಕಾಗದದ ಮೇಲೆ ಮತ್ತೆ ಬಿಳಿಯಳಾದಳು. ಕಾಗದದ ಮೇಲೆ, ಅಷ್ಟೇ. ಹದಿಹರೆಯದಲ್ಲಿ ಅವಳು ಮನೆಬಿಟ್ಟು ಕಪ್ಪು ಜನರ ನಡುವೆ ಬದುಕಲು ಹೋದಳು, ತಂದೆ ಮತ್ತೆ ಅವಳ ಮುಖ ನೋಡಲಿಲ್ಲ. ಶಾಲೆಯ ಬಾಗಿಲಲ್ಲಿ ಪೆಟ್ಟಿಗೆ ಹಿಡಿದು ನಿಂತ ಆ ಹತ್ತು ವರ್ಷದ ಮಗುವಿನ ಜೊತೆ ಯಾವ ಶಿಕ್ಷಕಿಯಾದರೂ ಗೇಟಿನವರೆಗೆ ಬಂದಿದ್ದಾಳೆಯೇ ಎಂದು ನಾನು ಆಗಾಗ ಯೋಚಿಸುವುದುಂಟು.

ಅಮೆರಿಕದಲ್ಲಿ ಇದು ಇನ್ನೂ ಹಳೆಯದು. ಲೂಸಿಯಾನ ಸ್ಪೇನಿನ ಕೈಯಲ್ಲಿದ್ದಾಗ, 1786ರಲ್ಲಿ, ಅಲ್ಲಿನ ಗವರ್ನರ್ ಮಿರೋ ಎಂಬವನು ಸ್ವತಂತ್ರರಾಗಿದ್ದ ಕಪ್ಪು ಹೆಂಗಸರು ತಲೆಗೂದಲನ್ನು ಬಟ್ಟೆಯಿಂದ ಕಟ್ಟಿಕೊಳ್ಳಬೇಕೆಂದು ಆಜ್ಞೆ ಮಾಡಿದ. ಅವರ ಕೇಶಾಲಂಕಾರಕ್ಕೆ ಬಿಳಿಯ ಗಂಡಸರು ಸೋಲುತ್ತಾರೆಂಬ ಸಿಟ್ಟು. ಅವರೇನು ಮಾಡಿದರು ಗೊತ್ತೆ? ಝಗಝಗಿಸುವ ಬಣ್ಣದ ವಸ್ತ್ರ ತಂದು, ಎತ್ತರವಾಗಿ ಸುತ್ತಿ, ಕಿರೀಟದ ಹಾಗೆ ಧರಿಸಿದರು. ಆ ಬಗೆಯ ರುಮಾಲಿಗೆ ಮೆಚ್ಚಿನ ಬಟ್ಟೆ ಮದರಾಸಿನ ಚೌಕುಳಿ ಬಟ್ಟೆಯಾಗಿತ್ತು. ನಮ್ಮ ನೇಕಾರರ ಮಗ್ಗದ ಬಟ್ಟೆ ಹಡಗು ಹತ್ತಿ ಹೋಗಿ ಅಲ್ಲಿನ ಹೆಂಗಸರ ಮಾನ ಕಾಯಿತೆಂದು ಹೇಳಲು ನನಗೆ ಹೆಮ್ಮೆ. ಇತಿಹಾಸದ ಮೇಷ್ಟ್ರುಗಳು ಇಷ್ಟು ಉತ್ಸಾಹ ತೋರಿಸಬಾರದೇನೋ.

ಗುಲಾಮಗಿರಿ ಮುಗಿದ ಮೇಲೂ ಕೂದಲಿನ ಕಷ್ಟ ಮುಗಿಯಲಿಲ್ಲ. ಸಾರಾ ಬ್ರೀಡ್‌ಲವ್ 1867ರಲ್ಲಿ ಹುಟ್ಟಿದಳು. ತಂದೆತಾಯಿ ಗುಲಾಮರಾಗಿದ್ದವರು. ಏಳಕ್ಕೆ ತಬ್ಬಲಿ, ಹದಿನಾಲ್ಕಕ್ಕೆ ಮದುವೆ, ಇಪ್ಪತ್ತಕ್ಕೆ ವಿಧವೆ. ಸೇಂಟ್ ಲೂಯಿಸಿನಲ್ಲಿ ಊರವರ ಬಟ್ಟೆ ಒಗೆದು ಮಗಳನ್ನು ಸಾಕಿದಳು. ನೀರು ಕಡಿಮೆ, ಸೋಪು ಒರಟು, ತಲೆಯ ಚರ್ಮ ಕೆಟ್ಟು ಕೂದಲು ಉದುರಿತು. ಆಗ ಆನೀ ಮಲೋನ್ ಎಂಬ ಇನ್ನೊಬ್ಬ ಕಪ್ಪು ಹೆಂಗಸು ತಯಾರಿಸುತ್ತಿದ್ದ ಲೇಪನವನ್ನು ಬಳಸಿ, ಅದನ್ನೇ ಮನೆಮನೆಗೆ ಮಾರಿ, ಆಮೇಲೆ ತನ್ನದೇ ಲೇಪನ ಮಾಡಿ ಮೇಡಮ್ ಸಿ. ಜೆ. ವಾಕರ್ ಎಂಬ ಹೆಸರಿನಲ್ಲಿ ಮಾರಿದಳು. 1910ರಲ್ಲಿ ಇಂಡಿಯಾನಾಪೊಲಿಸಿಗೆ ಹೋಗಿ ಕಾರ್ಖಾನೆ ಕಟ್ಟಿದಳು, ಸಾವಿರಾರು ಹೆಂಗಸರಿಗೆ ಕೆಲಸ ಕಲಿಸಿದಳು, 1919ರಲ್ಲಿ ತೀರಿಕೊಂಡಳು. ಕಾದ ಬಾಚಣಿಗೆಯಿಂದ ಕೂದಲನ್ನು ನೆಟ್ಟಗೆ ಮಾಡುವ ಚಟವನ್ನು ಹರಡಿದವಳೂ ಅವಳೇ ಎಂದು ಆಡಿಕೊಳ್ಳುವವರಿದ್ದಾರೆ. ಇರಲಿ. ಒಗೆಯುವ ಕಲ್ಲಿನ ಮುಂದೆ ನಿಂತು ಉದುರಿದ ಕೂದಲನ್ನು ಬಾಚಿ ಬಿಸಾಕಿದವಳ ಕಷ್ಟ ಆಡಿಕೊಳ್ಳುವವರಿಗೆ ತಿಳಿಯದು.

ಗಂಡಸರೂ ಈ ಕೆಲಸಕ್ಕೆ ಕೈಹಾಕಿದರು. ಗ್ಯಾರೆಟ್ ಮಾರ್ಗನ್ ಹೊಲಿಗೆ ಯಂತ್ರದ ಸೂಜಿ ಉಣ್ಣೆಯನ್ನು ಸುಡದಿರಲೆಂದು ಒಂದು ದ್ರಾವಣ ಮಾಡುತ್ತಿದ್ದನಂತೆ. ಕೈ ಒರಸಿದ ಬಟ್ಟೆಯ ಜುಂಗು ನೆಟ್ಟಗಾದದ್ದು ಕಂಡು, ಮೊದಲು ನೆರೆಮನೆಯ ನಾಯಿಯ ಮೇಲೆ, ಆಮೇಲೆ ತನ್ನ ತಲೆಯ ಮೇಲೆ ಪ್ರಯೋಗ ಮಾಡಿದನೆಂದು ಹೇಳುತ್ತಾರೆ. ಅದೇ ಹೊತ್ತಿಗೆ ಲಂಡನ್ನಿನಲ್ಲಿ ಜರ್ಮನಿಯ ಕಾರ್ಲ್ ನೆಸ್ಲರ್ ನೆಟ್ಟನೆಯ ಕೂದಲನ್ನು ಗುಂಗುರು ಮಾಡಲು ಹೊರಟಿದ್ದ. ಕಾದ ಹಿತ್ತಾಳೆಯ ಸುರುಳಿಗಳನ್ನು ತಲೆಗೆ ಜೋತುಬಿಟ್ಟು ಹೆಂಗಸರು ಗಂಟೆಗಟ್ಟಲೆ ಕೂರಬೇಕಿತ್ತು. ಮೊದಲ ಪ್ರಯೋಗಗಳಲ್ಲಿ ಸ್ವಂತ ಹೆಂಡತಿಯ ಕೂದಲನ್ನೇ ಸುಟ್ಟ. ಇದ್ದವರಿಗೆ ಬೇಡ, ಇಲ್ಲದವರಿಗೆ ಬೇಕು. ಇಬ್ಬರ ತಲೆಯನ್ನೂ ಸುಟ್ಟು ದುಡ್ಡು ಮಾಡಿದವರು ಬೇರೆಯವರು.

ಕಪ್ಪು ಜನರ ಹಕ್ಕಿನ ಹೋರಾಟ ಕಾವೇರಿದ 1960ರ ದಶಕದಲ್ಲಿ ಅಲ್ಲಿನ ಯುವಜನ ಕೂದಲನ್ನು ಹುಟ್ಟಿದ ಹಾಗೆ ಬಿಡತೊಡಗಿದರು. 1970ರಲ್ಲಿ ಅಮೆರಿಕದ ಪೋಲೀಸರು ಆಂಜೆಲಾ ಡೇವಿಸಳನ್ನು ಹುಡುಕುತ್ತ ಅಂಟಿಸಿದ ಭಿತ್ತಿಪತ್ರದಲ್ಲಿ ಮುಖಕ್ಕಿಂತ ಆ ಗೋಳಾಕಾರದ ಕೂದಲೇ ಎದ್ದು ಕಾಣುತ್ತಿತ್ತು. ಕೂದಲಿನ ಕಾರಣಕ್ಕೆ ಕೆಲಸದಲ್ಲಿ, ಶಾಲೆಯಲ್ಲಿ ಭೇದ ಮಾಡಬಾರದೆಂಬ ಕಾನೂನು ಅಲ್ಲಿ ಮೊದಲು ಬಂದದ್ದು 2019ರಲ್ಲಿ, ಕ್ಯಾಲಿಫೋರ್ನಿಯದಲ್ಲಿ. ಬೇರೆ ಅನೇಕ ರಾಜ್ಯಗಳು ಆಮೇಲೆ ಅನುಸರಿಸಿದವು.

ಇಷ್ಟೆಲ್ಲ ಓದಿದವಳು ನಾನು. ಆದರೂ 2018ರಲ್ಲಿ, ಅಣ್ಣನ ಮಗಳ ಮದುವೆಗೆಂದು, ಪೇಟೆಯ ಒಂದು ಪಾರ್ಲರಿಗೆ ಹೋಗಿ ಕೂದಲು ನೆಟ್ಟಗೆ ಮಾಡಿಸಿಕೊಂಡು ಬಂದೆ. ಓದುವುದು ಬೇರೆ, ಕನ್ನಡಿ ಬೇರೆ. ನಾಲ್ಕು ತಾಸು ಕೂತೆ. ಕಣ್ಣಲ್ಲಿ ನೀರು ಬರುವ ವಾಸನೆ. ಮದುವೆಯಲ್ಲಿ ಎಲ್ಲರೂ "ಎಷ್ಟು ಎಳೆಯವಳಾಗಿ ಕಾಣ್ತೀ" ಎಂದರು. ನಾನು ಹಿಗ್ಗಿದೆ. ಮೂರು ತಿಂಗಳಿಗೆ ಬುಡದಲ್ಲಿ ಗುಂಗುರು, ತುದಿಯಲ್ಲಿ ಪೊರಕೆ. ಆರು ತಿಂಗಳಿಗೆ ನೆತ್ತಿಯಲ್ಲಿ ಚರ್ಮ ಕಾಣಿಸಿತು. ಕೂದಲಿನ ಒಳಗೆ ಗಂಧಕದ ಕೊಂಡಿಗಳಿರುತ್ತವೆ, ಅವೇ ಅದರ ಆಕಾರವನ್ನು ಹಿಡಿದಿಡುವುದು. ರಸಾಯನ ಹಾಕಿ ಆ ಕೊಂಡಿಗಳನ್ನು ಕಡಿದು ಬೇರೆ ಆಕಾರಕ್ಕೆ ಜೋಡಿಸುತ್ತಾರೆಂದು ನಮ್ಮ ಶಾಲೆಯ ವಿಜ್ಞಾನದ ಟೀಚರ್ ಆಮೇಲೆ ವಿವರಿಸಿದರು. 2022ರಲ್ಲಿ ಅಮೆರಿಕದ ಸರ್ಕಾರಿ ಸಂಶೋಧಕರು 33 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿ ಒಂದು ವರದಿ ಕೊಟ್ಟರು. ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಇಂಥ ರಸಾಯನ ಬಳಸುವವರಲ್ಲಿ ಗರ್ಭಕೋಶದ ಕ್ಯಾನ್ಸರ್ ಹೆಚ್ಚಾಗಿ ಕಂಡಿತು. ಎಪ್ಪತ್ತು ವಯಸ್ಸಿನೊಳಗೆ ಬಳಸದವರಲ್ಲಿ ನೂರಕ್ಕೆ 1.64, ಬಳಸುವವರಲ್ಲಿ 4.05. ಇದೇ ಕಾರಣವೆಂದು ಅವರು ಸಾಧಿಸಿಲ್ಲ, ನಂಟು ಕಂಡಿದೆ ಎಂದಿದ್ದಾರೆ. ಹೆದರಿಸಲು ಹೇಳುತ್ತಿಲ್ಲ, ಮಗಳಿರುವವರಿಗೆ ತಿಳಿದಿರಲಿ ಎಂದು ಹೇಳಿದೆ.

2020ರಲ್ಲಿ ಲಾಕ್‌ಡೌನ್ ಆಯಿತು, ಪಾರ್ಲರು ಮುಚ್ಚಿತು, ಮಗಳು ಬೆಂಗಳೂರಿನಿಂದ ಮನೆಗೆ ಬಂದಳು. ಅವಳದೂ ನನ್ನದೇ ಕೂದಲು, ಆದರೆ ಅವಳದು ಹೊಳೆಯುತ್ತಿತ್ತು. ಒಣಗಿದ ಕೂದಲಿಗೆ ಬಾಚಣಿಗೆ ಮುಟ್ಟಿಸಲೇಬೇಡ ಎಂದಳು. ಕೂದಲು ಹುಟ್ಟುವ ಗುಳಿ ನಮ್ಮಂಥವರಲ್ಲಿ ಬಾಗಿರುತ್ತದೆ, ಅದಕ್ಕೇ ಕೂದಲು ಸುತ್ತಿಕೊಂಡು ಬರುತ್ತದೆ. ನೆತ್ತಿಯ ಜಿಡ್ಡು ನೆಟ್ಟನೆಯ ಕೂದಲಲ್ಲಿ ಸರಸರನೆ ಇಳಿಯುತ್ತದೆ, ಸುರುಳಿಯಲ್ಲಿ ಇಳಿಯುವುದಿಲ್ಲ. ಆದ್ದರಿಂದ ಬುಡ ಜಿಡ್ಡಾದರೂ ತುದಿ ಒಣಕಲು. ದಿನಾ ಶಾಂಪೂ ಹಾಕಿದರೆ ಇದ್ದದ್ದೂ ಹೋಗುತ್ತದೆ. ಮಳೆಗಾಲದ ಗಾಳಿಯ ತೇವ ಕುಡಿದು ಒಣಕಲು ಕೂದಲು ಕೆದರಿ ನಿಲ್ಲುತ್ತದೆ. ಹಾಗಾಗಿ ತಲೆ ಒದ್ದೆ ಇರುವಾಗಲೇ, ಲೋಳೆಯಂಥದ್ದೇನಾದರೂ ಹಚ್ಚಿ, ಬೆರಳಲ್ಲಿ ಇಲ್ಲವೆ ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಬುಡದ ಕಡೆಗೆ ಬಿಡಿಸಬೇಕು. ಟವೆಲಿನಲ್ಲಿ ತಿಕ್ಕಬಾರದು, ಹಳೆಯ ಹತ್ತಿಬಟ್ಟೆಯಲ್ಲಿ ಮೆಲ್ಲಗೆ ಹಿಂಡಬೇಕು. ಆಮೇಲೆ ಒಣಗುವ ತನಕ ಕೈ ಹಾಕಕೂಡದು. ಅಗಸೆಬೀಜ ಕುದಿಸಿದ ಲೋಳೆ ಒಳ್ಳೆಯದಂತೆ.

ನಾನು ಕೇಳುತ್ತಾ ಕೇಳುತ್ತಾ ನಗತೊಡಗಿದೆ. ಅಜ್ಜಿ ನೆನಪಾದಳು. ದಾಸವಾಳದ ಎಲೆಯನ್ನೋ ಮತ್ತಿ ಸೊಪ್ಪನ್ನೋ ನೀರಿನಲ್ಲಿ ಕಿವುಚಿ, ಹಸಿರು ಲೋಳೆ ಸೋಸಿ, ಅದಕ್ಕೆ ನಮ್ಮ ಕಡೆ ಗೊಂಪು ಎನ್ನುತ್ತೇವೆ, ಎಣ್ಣೆಸ್ನಾನದ ದಿನ ತಲೆಗೆ ಸುರಿಯುತ್ತಿದ್ದಳು. ಒದ್ದೆ ತಲೆಯಲ್ಲೇ ಬೆರಳಾಡಿಸಿ ಸಿಕ್ಕು ಬಿಡಿಸುತ್ತಿದ್ದಳು. ಹಳೆಯ ಸೀರೆಯ ತುಂಡಿನಲ್ಲಿ ಹಿಂಡಿ, ಜಗಲಿಯ ಬಿಸಿಲಿಗೆ ಕೂರಿಸುತ್ತಿದ್ದಳು. ಅವಳ ಕೂದಲೂ ಗುಂಗುರೇ, ಸೀರೆಯ ಸೆರಗಿನಡಿ ಇದ್ದುದರಿಂದ ನಾವು ನೋಡಿದವರಲ್ಲ. ಅಜ್ಜಿ ತೀರಿಕೊಂಡದ್ದು, ಅಂಗಡಿಗಳಲ್ಲಿ ಶಾಂಪೂ ಪೊಟ್ಟಣದ ಮಾಲೆ ತೂಗತೊಡಗಿದ್ದು, ನಮ್ಮ ಮನೆಯಲ್ಲಿ ಬಾಚಣಿಗೆಗಳು ಮುರಿಯತೊಡಗಿದ್ದು, ಲೆಕ್ಕ ಹಾಕಿದರೆ ಎಲ್ಲ ಹೆಚ್ಚುಕಡಿಮೆ ಒಂದೇ ಕಾಲ. ಹಿತ್ತಲಿನ ದಾಸವಾಳ ಮಾತ್ರ ಇನ್ನೂ ಇದೆ. ಆ ಬೇಸಿಗೆ ಮೂವರೂ, ಎಂಬತ್ತು ದಾಟಿದ ಅಮ್ಮನೂ ಸೇರಿ, ಗೊಂಪು ಕಿವುಚಿದೆವು. ನನ್ನ ತುದಿಗೂದಲಿನ ಪೊರಕೆಯನ್ನು ಮಗಳೇ ಕತ್ತರಿಸಿ ತೆಗೆದಳು. ಒಂದೂವರೆ ವರ್ಷ ಹಿಡಿಯಿತು ಮತ್ತೆ ಸುರುಳಿ ಮೂಡಲು. ಬಂದದ್ದು ಅರ್ಧ ಬಿಳಿ. ಅಮ್ಮ ಅದನ್ನು ಬೆರಳಿಗೆ ಸುತ್ತಿ ಬಿಟ್ಟು ನೋಡಿದಳು. "ನಿಂಗೆ ಬಾಳ ನೋವು ಮಾಡಿದೆ, ಅಲ್ದಾ?" ಎಂದಳು. ನಾನು ಏನು ಹೇಳಬೇಕಿತ್ತೋ, ಹೇಳಲಿಲ್ಲ. ಅಮ್ಮ ಮುಂದಿನ ಮಳೆಗಾಲಕ್ಕಿರಲಿಲ್ಲ.

ಈಗ ನಾನು ಗಂಟು ಬಿಟ್ಟು, ಕತ್ತಿನ ಹಿಂದೆ ಒಂದು ಕ್ಲಿಪ್ ಹಾಕಿ ಶಾಲೆಗೆ ಹೋಗುತ್ತೇನೆ. ಶಿಸ್ತಿನ ನಿಯಮದಲ್ಲಿ 'ಎರಡು ಜಡೆ' ಎಂದಿದ್ದುದನ್ನು 'ಕೂದಲು ಶುಚಿಯಾಗಿರಬೇಕು' ಎಂದು ಬದಲಿಸೋಣವೆಂದು ಸಭೆಯಲ್ಲಿ ಎರಡು ಸಲ ಹೇಳಿದೆ. ಮೊದಲ ಸಲ ನಕ್ಕರು. ಎರಡನೆಯ ಸಲ ಬರೆದುಕೊಂಡಿದ್ದಾರೆ. ಪ್ರಾರ್ಥನೆಯ ಹೊತ್ತಿಗೆ ಜಡೆ ನೋಡುವ ಕೆಲಸವನ್ನು ನಾನು ಬಿಟ್ಟುಕೊಟ್ಟಿಲ್ಲ, ಬೇಕೆಂದೇ ಇಟ್ಟುಕೊಂಡಿದ್ದೇನೆ.

1997ರ ಆ ಹುಡುಗಿಯನ್ನು ಹುಡುಕಿಕೊಂಡು ಒಮ್ಮೆ ಆ ಕೇರಿಗೆ ಹೋಗಿದ್ದೆ. ಮದುವೆಯಾಗಿ ಗೋವೆಯ ಕಡೆ ಹೋದಳೆಂದು ಅವಳ ಚಿಕ್ಕಮ್ಮ ಹೇಳಿದಳು. ಒಳ್ಳೆಯ ಕಷಾಯ ಮಾಡಿಕೊಟ್ಟಳು. ಬಂದ ಕಾರಣ ಕೇಳಿದಳು, ನಾನು ಅವಳ ಟೀಚರ್ ಎಂದೆ. "ಹೌದಾ, ಟೀಚರ್ ವಿಚಾರ ಅವಳು ಹೇಳ್ತಿದ್ದಳು" ಎಂದಳು. ಏನು ಹೇಳುತ್ತಿದ್ದಳೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಅಂಗಳದಲ್ಲಿ ಏಳೆಂಟು ವರ್ಷದ ಇಬ್ಬರು ಹುಡುಗಿಯರು ಆಡುತ್ತಿದ್ದರು, ತಲೆತುಂಬ ಸಣ್ಣ ಸಣ್ಣ ಜಡೆ, ತುದಿಗೊಂದೊಂದು ಬಣ್ಣದ ಮಣಿ. ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.